ಗಡ್ಡದವನ ರೆಕಾರ್ಡಿನ ಎರಡನೆಯ ಬದಿ

ನಮ್ಮ ಚಿಕ್ಕಪ್ಪನಿಗೆ ಬೀದಿಯವರು ಇಟ್ಟ ಹೆಸರು ಕಿವಿ ಮೇಸ್ತ್ರಿ. ಕೆಟ್ಟ ರೇಡಿಯೋ ತಂದು ಮೇಜಿನ ಮೇಲಿಟ್ಟು ಸ್ವಿಚ್ಚು ಹಾಕಿದರೆ ಸಾಕು, ಕೈಯಲ್ಲಿದ್ದ ಬೇರೆ ಕೆಲಸ ಬಿಡದೆ, ತಲೆ ಕೂಡ ಎತ್ತದೆ, ಒಳಗೆ ಏನಾಗಿದೆ ಎಂದು ಹೇಳಿಬಿಡುತ್ತಿದ್ದ. ಹತ್ತರಲ್ಲಿ ಒಂಬತ್ತು ಸಲ ಸರಿಯಾಗಿರುತ್ತಿತ್ತು. ಹತ್ತನೆಯ ಸಲ ತಪ್ಪಿದರೆ ರೇಡಿಯೋನೇ ಸುಳ್ಳು ಹೇಳುತ್ತಿದೆ ಎನ್ನುತ್ತಿದ್ದ. ಇಂಥ ಮನುಷ್ಯ ಮೂವತ್ತೆಂಟು ವರ್ಷ ಒಂದು ಸುಳ್ಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದ ಎಂದರೆ ನಂಬುವುದು ಕಷ್ಟ. ನಾನು ನಂಬುತ್ತೇನೆ, ಏಕೆಂದರೆ ಅದರಲ್ಲಿ ನನಗೂ ಪಾಲಿತ್ತು.

ಅಂಗಡಿ ಎಂದರೆ ಉದ್ದನೆಯ ಒಂದೇ ಕೋಣೆ. ಮುಂದಿನ ಅರ್ಧ ಚಿಕ್ಕಪ್ಪನದು. ಬಿಚ್ಚಿಟ್ಟ ರೇಡಿಯೋಗಳು, ಬೆಸುಗೆಯ ಹೊಗೆ, ಸ್ಕ್ರೂ ತುಂಬಿದ ಹಳೆಯ ಔಷಧಿ ಡಬ್ಬಿಗಳು. ಹಿಂದಿನ ಅರ್ಧ ಚಿಕ್ಕಮ್ಮನದು. ಅಲ್ಲಿ ಕಾಲಲ್ಲಿ ತುಳಿಯುವ ಹೊಲಿಗೆ ಮಿಷನ್ನು, ನೆಲದ ತುಂಬ ಬಟ್ಟೆಯ ಚೂರು. ನಡುವೆ ಹಳೆಯ ಬೆಡ್‌ಶೀಟಿನ ಪರದೆ. ಮನೆ ಮಹಡಿಯ ಮೇಲೆ. ಮಿಷನ್ನಿನ ಚರ್ಮದ ಬೆಲ್ಟು ಒಮ್ಮೆ ಕಿತ್ತುಹೋಗಿ, ಚಿಕ್ಕಪ್ಪ ಅದಕ್ಕೊಂದು ತಂತಿಯ ಪಿನ್ನು ಹೊಡೆದು ಜೋಡಿಸಿದ್ದ. ಆವತ್ತಿನಿಂದ ಚಕ್ರ ತಿರುಗಿದಾಗಲೆಲ್ಲ ಆ ಪಿನ್ನು ಟಕ್ ಎನ್ನುತ್ತಿತ್ತು. ಹೊಸ ಬೆಲ್ಟು ತರುತ್ತೇನೆ ಎಂದು ಚಿಕ್ಕಪ್ಪ ಹೇಳುತ್ತಲೇ ಇದ್ದ. ನನಗೆ ತಿಳಿದಂತೆ ಹದಿನೈದು ವರ್ಷ ಹೇಳಿದ.

ನಾನು ಆ ಮನೆಗೆ ಬಂದಾಗ ನನಗೆ ಆರು ವರ್ಷ. ಅಮ್ಮ ತೀರಿಕೊಂಡಿದ್ದಳು. ಅಪ್ಪನಿಗೆ ದೂರದ ಕೆಲಸ, ಮಗುವನ್ನು ಕಟ್ಟಿಕೊಂಡು ಹೋಗುವ ಹಾಗಿರಲಿಲ್ಲ. ತಮ್ಮನ ಮನೆಯಲ್ಲಿ ಬಿಟ್ಟುಹೋದ. ಆ ವಾರದ ನೆನಪು ನನಗೆ ಚೂರುಚೂರಾಗಿ ಇದೆ. ಮಹಡಿಯ ಮೆಟ್ಟಿಲು ನನ್ನ ಕಾಲಿಗೆ ಎತ್ತರವಾಗಿತ್ತು. ಚಿಕ್ಕಮ್ಮ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಮಾತಾಡುತ್ತಿದ್ದಳು. ಹೊಸ ಶಾಲೆಯಲ್ಲಿ ಎಲ್ಲ ಹುಡುಗಿಯರ ಫ್ರಾಕೂ ಒಂದೇ ಥರ ಇತ್ತು, ನನ್ನದಕ್ಕೆ ಮಾತ್ರ ಬಲಗಡೆ ಒಂದು ಜೇಬಿತ್ತು. ಅದನ್ನು ನೋಡಿ ಕ್ಲಾಸ್ ಟೀಚರ್ ಮೂಗು ಮುರಿದದ್ದೂ ನೆನಪಿದೆ.

ಅದೇ ವಾರ ಹಡಗಿನವನೊಬ್ಬ ಕೆಟ್ಟ ರೆಕಾರ್ಡ್ ಪ್ಲೇಯರು ತಂದುಕೊಟ್ಟ. ಸಂಜೆ ಹಡಗು ಹೊರಡುತ್ತೆ, ಅಷ್ಟರೊಳಗೆ ಬೇಕು ಅಂದ. ಚಿಕ್ಕಪ್ಪ ಮಧ್ಯಾಹ್ನಕ್ಕೆಲ್ಲ ಸರಿ ಮಾಡಿ, ಪರೀಕ್ಷೆಗೆಂದು ಅದರ ಜೊತೆಗೇ ಬಂದಿದ್ದ ರೆಕಾರ್ಡನ್ನು ಹಾಕಿದ. ಎಲ್ಲೋ ನಾಲ್ಕು ಜನರ ಒಂದು ಬ್ಯಾಂಡಿತ್ತಂತೆ. ಇಪ್ಪತ್ತು ನಿಮಿಷದ ಹಾಡು, ನಡುನಡುವೆ ತಾಳವೇ ಬದಲಾಗುವ, ಕುಣಿಯಲು ಬಾರದ, ಸುಮ್ಮನೆ ಕೂತು ಕೇಳಬೇಕಾದ ಹಾಡುಗಳಂತೆ. ಪ್ರೊಗ್ರೆಸಿವ್ ರಾಕ್ ಎಂದು ಅದಕ್ಕೆ ಹೆಸರು. ಆ ಬ್ಯಾಂಡಿನಲ್ಲಿ ಆರ್ಗನ್ ನುಡಿಸುತ್ತಿದ್ದವನು ಉಳಿದ ಮೂವರನ್ನು ಬಿಟ್ಟು ಬಂದು, ಮನೆಯಲ್ಲಿ ಒಬ್ಬನೇ ಕೂತು, ಎಲ್ಲ ವಾದ್ಯ ತಾನೇ ನುಡಿಸಿ ಮಾಡಿದ ರೆಕಾರ್ಡು ಇದು. ಕವರಿನ ಮೇಲೆ ಅವನ ಫೋಟೋ. ಮುಖಕ್ಕಿಂತ ಗಡ್ಡವೇ ಹೆಚ್ಚು. ನಮ್ಮಲ್ಲಿ ಅವನ ಹೆಸರನ್ನು ಯಾರೂ ಸರಿಯಾಗಿ ಹೇಳಲಿಲ್ಲ, ಅವನು ಕೊನೆಯವರೆಗೂ ಗಡ್ಡದವನೇ.

ಚಿಕ್ಕಪ್ಪ ಆ ರೆಕಾರ್ಡಿಗೆ ಮನಸೋತ. ಅವನಿಗೆ ಹಾಡಿನ ಮಾತು ಅರ್ಥವಾಗಲಿಲ್ಲ, ಅರ್ಥವಾಗಬೇಕೆಂದೂ ಅನ್ನಿಸಲಿಲ್ಲ. ನುಡಿಸುವವನು ಯಾರಿಗೂ ಏನನ್ನೂ ತೋರಿಸಿಕೊಳ್ಳುತ್ತಿಲ್ಲ, ತನ್ನ ಪಾಡಿಗೆ ಏನನ್ನೋ ರಿಪೇರಿ ಮಾಡುತ್ತಿದ್ದಾನೆ, ಅದೇ ತನಗೆ ಹಿಡಿಸಿದ್ದು ಎಂದು ಆಮೇಲೆ ಹೇಳುತ್ತಿದ್ದ. ಇಂಥದ್ದನ್ನು ಹಡಗಿಗೆ ಹತ್ತಿಸಿ ಕಳಿಸಲು ಅವನಿಗೆ ಮನಸ್ಸಾಗಲಿಲ್ಲ. ಕ್ಯಾಸೆಟ್ಟಿಗೆ ಇಳಿಸೋಣವೆಂದರೆ ಆ ಪ್ಲೇಯರಿನ ಪಿನ್ನು ಬೇರೆ ಜಾತಿಯದು, ಇವನ ಹತ್ತಿರ ಇದ್ದ ಯಾವ ವೈರೂ ಕೂರಲಿಲ್ಲ. ಹೊಸದು ಬೆಸೆಯಲು ಹೊತ್ತಿಲ್ಲ. ಕೊನೆಗೆ ಯಾವ ಮೇಸ್ತ್ರಿಯೂ ಒಪ್ಪಿಕೊಳ್ಳಲು ನಾಚುವಂಥ ಕೆಲಸ ಮಾಡಿದ. ಸ್ಪೀಕರಿನ ಮುಂದೆ ಮೈಕು ಇಟ್ಟ. ಬಾಗಿಲು ಹಾಕಿದ. ಹಾಡು ಮುಗಿಯುವವರೆಗೆ ಮಿಷನ್ನು ತುಳಿಯಬೇಡ ಎಂದು ಪರದೆಯ ಆಚೆಗೆ ಹೇಳಿದ.

ಚಿಕ್ಕಮ್ಮ ಮೊದಲ ಬದಿಯ ಐದೂ ಹಾಡು ಕೈಕಟ್ಟಿ ಕೂತಳು. ಎರಡನೆಯ ಬದಿಯಲ್ಲಿ ಇರುವುದು ಒಂದೇ ಹಾಡು, ಇಪ್ಪತ್ತು ನಿಮಿಷದ್ದು. ಅದರ ನಡುವೆ ಎಲ್ಲ ವಾದ್ಯಗಳೂ ಒಂದೊಂದಾಗಿ ನಿಂತು, ನಾಲ್ಕು ನಿಮಿಷ ಆರ್ಗನ್ನಿನ ಒಂದೇ ಸ್ವರ ಕೇಳಿಸಿಯೂ ಕೇಳಿಸದ ಹಾಗೆ ಎಳೆದುಕೊಂಡು ಹೋಗುತ್ತದೆ. ಪರದೆಯ ಆಚೆ ಕೂತವಳಿಗೆ ಅದು ಕೇಳಿಸಲಿಲ್ಲ. ಹಾಡು ಮುಗಿಯಿತು ಅಂದುಕೊಂಡು ಮಿಷನ್ನು ತುಳಿಯಲು ಶುರು ಮಾಡಿದಳು. ಕೂಗಿದರೆ ಕೂಗೂ ಟೇಪಿಗೆ ಬೀಳುತ್ತದೆ, ಎದ್ದು ಹೋದರೆ ಕುರ್ಚಿ ಕಿರುಗುಟ್ಟುತ್ತದೆ. ಚಿಕ್ಕಪ್ಪ ಉಸಿರು ಬಿಗಿಹಿಡಿದು ಕೂತ. ವಾದ್ಯಗಳು ಮತ್ತೆ ಜೋರಾಗಿ ಎದ್ದಾಗ ಅವಳು ನಾಲಿಗೆ ಕಚ್ಚಿಕೊಂಡು ನಿಲ್ಲಿಸಿದಳು. ಇನ್ನೊಮ್ಮೆ ಇಳಿಸೋಣವೆಂದರೆ ಹಡಗಿನವನು ಆಗಲೇ ಬಾಗಿಲು ತಟ್ಟುತ್ತಿದ್ದ.

ಇಷ್ಟೇ ಆಗಿದ್ದರೆ ಇದೊಂದು ನಗುವ ಸಂಗತಿಯಾಗಿ ಮುಗಿಯುತ್ತಿತ್ತು. ಆದರೆ ಆ ಸಂಜೆಯೇ ಲೆಕ್ಕದ ಮೇಷ್ಟ್ರು ತಮ್ಮ ರೇಡಿಯೋ ಒಯ್ಯಲು ಬಂದರು. ಮೇಷ್ಟ್ರು ಆಗ ಹೊಸದಾಗಿ ಬಂದಿದ್ದ ಒಂಟಿ ಮನುಷ್ಯ. ಅಳೆದೂ ಸುರಿದೂ ಮಾತಾಡುವವರು, ಯಾರ ಅಂಗಡಿಯಲ್ಲೂ ಕೂತವರಲ್ಲ. ಚಿಕ್ಕಪ್ಪ ಟೇಪು ಹಾಕಿಕೊಂಡು ಕೇಳುತ್ತಿದ್ದ. ಮೇಷ್ಟ್ರು ನಿಂತೇ ಕೇಳಿದರು, ಆಮೇಲೆ ಸ್ಟೂಲು ಎಳೆದುಕೊಂಡು ಕೂತರು. ಮಿಷನ್ನಿನ ಭಾಗ ಬಂದಾಗ ಅವರ ಕಣ್ಣು ಅರಳಿತು. ಎಷ್ಟು ಧೈರ್ಯ ಈ ಮನುಷ್ಯನಿಗೆ, ಅಷ್ಟೆಲ್ಲ ಆರ್ಗನ್ ನುಡಿಸಿ ಕೊನೆಗೆ ಎಲ್ಲ ಬಿಟ್ಟು ಒಂದು ಯಂತ್ರದ ಸದ್ದು ಇಡುತ್ತಾನಲ್ಲ, ದುಡಿಯುವ ಮನುಷ್ಯರ ಸದ್ದು ಅದು ಎಂದರು. ಚಿಕ್ಕಪ್ಪ ಹೇಳಲೆಂದು ಬಾಯಿ ತೆರೆದ. ಮೇಷ್ಟ್ರು ಅಷ್ಟರಲ್ಲಿ, ಈ ಊರಿಗೆ ಬಂದಮೇಲೆ ಇವತ್ತೇ ಮೊದಲು ಯಾರ ಜೊತೆಗಾದರೂ ಇಷ್ಟು ಮಾತಾಡಿದ್ದು ಎಂದುಬಿಟ್ಟರು. ಚಿಕ್ಕಪ್ಪ ತೆರೆದ ಬಾಯಿಗೆ ಟೀ ಸುರಿದುಕೊಂಡ.

ಮೇಷ್ಟ್ರು ಒಂದು ಪ್ರತಿ ಮಾಡಿಸಿಕೊಂಡರು. ಅವರಿಂದ ಬೇಕರಿಯವನಿಗೆ ಹುಚ್ಚು ಹತ್ತಿತು, ಬೇಕರಿಯವನಿಂದ ಆಸ್ಪತ್ರೆಯ ನರ್ಸಮ್ಮನಿಗೆ. ಬೇಕರಿಯವನು ಮೊದಲ ಬದಿಯ ಮೂರನೆಯ ಹಾಡಿಗೆ ಹಿಟ್ಟು ನಾದುತ್ತಿದ್ದ. ಅದು ಏಳರ ತಾಳ. ಏಳಕ್ಕೊಮ್ಮೆ ಕೈ ಬದಲಾಯಿಸಿ ನಾದಿ ಅವನ ಬ್ರೆಡ್ಡು ಒಂದು ಕಡೆಗೆ ವಾಲುತ್ತದೆ ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ನರ್ಸಮ್ಮನಿಗೆ ಗಡ್ಡದವನ ದನಿಯೇ ಇಷ್ಟ. ಅವನಿಗೆ ಹಾಡಲು ಬರುವುದಿಲ್ಲ, ಬರುವುದಿಲ್ಲ ಎಂದು ಗೊತ್ತಿದ್ದೂ ಹಾಡುತ್ತಾನೆ, ಕಾಯಿಲೆಯವರು ಹೇಗಿದ್ದೀರಿ ಅಂದರೆ ಚೆನ್ನಾಗಿದ್ದೀನಿ ಅಂತಾರಲ್ಲ ಆ ಥರ ಎನ್ನುತ್ತಿದ್ದಳು. ಹೀಗೆ ಹದಿನಾರು ಪ್ರತಿ ಹೋದವು. ಹದಿನಾರರಲ್ಲೂ ಚಿಕ್ಕಮ್ಮನ ಮಿಷನ್ನು ಹೋಯಿತು.

ವರ್ಷಕ್ಕೊಂದು ಭಾನುವಾರ ಎಲ್ಲರೂ ಅಂಗಡಿಯಲ್ಲಿ ಸೇರಿ ಟೇಪನ್ನು ಮೊದಲಿನಿಂದ ಕೊನೆಯವರೆಗೆ ಕೇಳುವುದು ರೂಢಿಯಾಯಿತು. ಬೇಕರಿಯವನು ಬಿಸ್ಕತ್ತು ತರುತ್ತಿದ್ದ. ಮೇಷ್ಟ್ರು ಕೈಗಡಿಯಾರ ಬಿಚ್ಚಿ ಎದುರಿಗಿಟ್ಟುಕೊಂಡು, ಮಿಷನ್ನು ಓಡಿ ನಿಲ್ಲುವ ಒಂದೊಂದು ಓಟವನ್ನೂ ಗುರುತು ಹಾಕುತ್ತಿದ್ದರು. ಎರಡು ಗಿಡ್ಡ, ಎರಡು ಉದ್ದ, ಒಂದು ಬಹಳ ಉದ್ದ. ಮಗು, ಯೌವನ, ಬಾಳು, ಬೆಳೆಯುತ್ತ ಹೋಗುವ ಲೆಕ್ಕ ಎಂದು ವಿವರಿಸುತ್ತಿದ್ದರು. ಆದರೆ ಅದಾದ ಮೇಲೆ ಮೂರು ಪುಟ್ಟ ಓಟಗಳಿದ್ದವು, ಅವು ಆ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಎಂಟು ವರ್ಷ ತಲೆ ಕೆಡಿಸಿಕೊಂಡು ಮೇಷ್ಟ್ರು ಕಂಡುಕೊಂಡರು: ಅವು ಗಡ್ಡದವನು ಬಿಟ್ಟುಬಂದ ಮೂವರು ಗೆಳೆಯರು. ಒಬ್ಬೊಬ್ಬರಿಗೂ ಒಂದೊಂದು ವಿದಾಯ. ಇದನ್ನು ಕೇಳಿ ನರ್ಸಮ್ಮ ಕಣ್ಣೊರೆಸಿಕೊಂಡಳು. ಆಮೇಲೆ ಪ್ರತಿ ವರ್ಷವೂ ಅದೇ ಜಾಗದಲ್ಲಿ ಒರೆಸಿಕೊಳ್ಳುತ್ತಿದ್ದಳು.

ಕೇಳುವ ಮೊದಲು ಬೇಕರಿಯವನು ಪರದೆ ಸರಿಸಿ ಚಿಕ್ಕಮ್ಮನಿಗೆ ಹೇಳುತ್ತಿದ್ದ ಮಾತು ನನಗೆ ಬಾಯಿಪಾಠ. "ಅಕ್ಕಾ, ಸ್ವಲ್ಪ ಹೊತ್ತು ಮಿಷನ್ನು ನಿಲ್ಸಿ. ಆ ಮಿಷನ್ನಿನ ಭಾಗ ಸರಿಯಾಗಿ ಕೇಳ್ಬೇಕು."

ಚಿಕ್ಕಮ್ಮ ಗೊಣಗದೆ ಎದ್ದು, ನಿಮ್ಮ ಗೊಂಯ್ ಕಚೇರಿ ಮುಗಿದ ಮೇಲೆ ಬರ್ತೀನಿ ಎಂದು ಚೀಲ ಹಿಡಿದು ತರಕಾರಿಗೆ ಹೋಗುತ್ತಿದ್ದಳು. ಎರಡನೆಯ ಬದಿಯನ್ನು ಅವಳು ಒಮ್ಮೆಯೂ ಕೇಳಲಿಲ್ಲ.

ನನಗೆ ಗೊತ್ತಾದದ್ದು ಹದಿನಾಲ್ಕನೆಯ ವಯಸ್ಸಿನಲ್ಲಿ. ಯಾರಿಗೋ ಪ್ರತಿ ಮಾಡುತ್ತಿದ್ದೆವು, ನಾನು ಹೆಡ್‌ಫೋನ್ ಹಾಕಿಕೊಂಡು ಕೂತಿದ್ದೆ. ಯಂತ್ರದ ಸದ್ದಿನೊಳಗೆ ಟಕ್, ಟಕ್. ಹೆಡ್‌ಫೋನ್ ತೆಗೆದೆ. ಪರದೆಯ ಆಚೆಯಿಂದಲೂ ಟಕ್, ಟಕ್. ಬೆಲ್ಟಿನ ಪಿನ್ನು. ನಾನು ಚಿಕ್ಕಪ್ಪನ ಮುಖ ನೋಡಿದೆ. ಅವನು ಸಿಕ್ಕಿಬಿದ್ದ ಕಳ್ಳನ ಹಾಗೆ ತುಟಿಯ ಮೇಲೆ ಬೆರಳಿಟ್ಟ.

"ಮೇಷ್ಟ್ರು ತುಂಬಾ ಹಚ್ಕೊಂಡಿದ್ದಾರೆ ಕಣೇ," ಎಂದ. "ಈಗ ಹೇಗೆ ಹೇಳ್ಲಿ?"

ಹೊಸ ಬೆಲ್ಟು ಯಾಕೆ ಬರುತ್ತಿಲ್ಲ ಎಂಬುದೂ ನನಗೆ ಆವತ್ತೇ ತಿಳಿಯಿತು, ಟೇಪಿನಲ್ಲಿದ್ದ ಆ ಟಕ್ ಮನೆಯಲ್ಲಿ ನಿಲ್ಲುವುದು ಚಿಕ್ಕಪ್ಪನಿಗೇ ಬೇಕಿರಲಿಲ್ಲ. ನಾನು ಯಾರಿಗೂ ಹೇಳಲಿಲ್ಲ. ಹೇಳುವ ಮನಸ್ಸೂ ಇರಲಿಲ್ಲ. ನಿಜ ಹೇಳುತ್ತೇನೆ, ಆ ಭಾನುವಾರಗಳು ನನಗೆ ಬಹಳ ಇಷ್ಟ. ಎಂಟು ಹತ್ತು ಜನ ದೊಡ್ಡವರು, ಬಿಚ್ಚಿದ ರೇಡಿಯೋಗಳ ನಡುವೆ ಎಲ್ಲೆಲ್ಲೋ ಒರಗಿಕೊಂಡು, ಮಾತಿಲ್ಲದೆ, ಕಣ್ಣು ಮುಚ್ಚಿ ಕೂತಿರುವುದನ್ನು ನಾನು ಬೇರೆಲ್ಲೂ ನೋಡಿಲ್ಲ. ಈಗ ಎಲ್ಲರ ಕಿವಿಯಲ್ಲೂ ಒಂದೊಂದು ಹಾಡಿರುತ್ತದೆ. ಆಗ ಒಂದೇ ಹಾಡು ಎಲ್ಲರ ಕಿವಿಯಲ್ಲಿತ್ತು. ನನಗೆ ಆ ಕಾಲ ಬೇಕು ಅನ್ನಿಸುತ್ತದೆ, ಇದನ್ನು ಹೇಳಲು ನನಗೇನೂ ನಾಚಿಕೆಯಿಲ್ಲ.

ಕಾಲ ಸರಿಯಿತು. ರೇಡಿಯೋ ಹೋಗಿ ಟೀವಿ ರಿಮೋಟು ಬಂತು, ರಿಮೋಟು ಹೋಗಿ ಫೋನಿನ ಚಾರ್ಜರು. ಚಿಕ್ಕಮ್ಮನ ಮೊಣಕಾಲು ನೋಯಲು ಶುರುವಾಗಿ ಮಿಷನ್ನಿಗೆ ಮೋಟರು ಕೂಡಿಸಿದರು, ಟಕ್ ನಿಂತಿತು. ನಾನು ಬೀದಿಯ ಆಚೆ ತುದಿಯಲ್ಲಿ ಟೈಪಿಂಗ್ ಮತ್ತು ಪ್ರಿಂಟಿನ ಸಣ್ಣ ಅಂಗಡಿ ಇಟ್ಟೆ. ಭಾನುವಾರದವರು ಕಡಿಮೆಯಾಗುತ್ತ ಕೊನೆಗೆ ಉಳಿದದ್ದು ನಾಲ್ಕು ಜನ: ಚಿಕ್ಕಪ್ಪ, ಮೇಷ್ಟ್ರು, ಬೇಕರಿಯವನು, ನರ್ಸಮ್ಮ. ಎಲ್ಲರ ತಲೆಯೂ ಬೆಳ್ಳಗಾಗಿತ್ತು. ಮೇಷ್ಟ್ರಿಗೆ ಮದುವೆ ಆಗಲೇ ಇಲ್ಲ, ಪ್ರತಿ ಸಂಜೆ ಅದೇ ಸ್ಟೂಲಿನ ಮೇಲೆ ಕೂರುತ್ತಿದ್ದರು.

ಹೋದ ವರ್ಷ ನರ್ಸಮ್ಮನ ಮಗ ಫೋನಿನಲ್ಲಿ ಎಲ್ಲಿಂದಲೋ ಆ ರೆಕಾರ್ಡನ್ನು ಹುಡುಕಿ ತೆಗೆದ. ಕಂಪನಿಯವರೇ ಹೊಸದಾಗಿ ಶುದ್ಧ ಮಾಡಿ ಬಿಟ್ಟದ್ದಂತೆ. ಎಲ್ಲರೂ ಆಸೆಯಿಂದ ಕೇಳಿದರು. ನಾಲ್ಕು ನಿಮಿಷದ ಜಾಗ ಬಂತು, ಆರ್ಗನ್ನಿನ ಒಂದು ಸ್ವರ ಎಳೆಯಿತು, ಹೋಯಿತು. ಮಿಷನ್ನು ಇಲ್ಲ. ಮೇಷ್ಟ್ರು ಕೆಂಡವಾದರು. ಹಾಡಿನ ಜೀವವನ್ನೇ ಕತ್ತರಿಸಿ ಎಸೆದಿದ್ದಾರೆ, ಗದ್ದಲ ಅಂದುಕೊಂಡು ತೊಳೆದುಹಾಕಿದ್ದಾರೆ ಎಂದು ಕೂಗಾಡಿದರು. ಬೇಕರಿಯವನು ಉಪ್ಪು ಖಾರ ಹಚ್ಚಿದ. ಚಿಕ್ಕಪ್ಪ ಕೆಡದೇ ಇದ್ದ ಒಂದು ಚಾರ್ಜರನ್ನು ಬಿಚ್ಚುತ್ತ ಕೂತಿದ್ದ.

ಎರಡು ತಿಂಗಳು ಕೂತು ಮೇಷ್ಟ್ರು ಹನ್ನೊಂದು ಪುಟ ಬರೆದರು. ಗಡ್ಡದವನ ಅಭಿಮಾನಿಗಳ ದೊಡ್ಡ ಸಂಘವೊಂದು ಪತ್ರಿಕೆ ನಡೆಸುತ್ತಿತ್ತು, ದೇಶದೇಶಗಳವರು ಓದುವಂಥದ್ದು. ಅಲ್ಲಿಗೆ ಕಳಿಸಬೇಕು, ತಮ್ಮ ಹೆಸರು, ವಿಳಾಸ, ಶಾಲೆಯ ಹೆಸರು ಎಲ್ಲ ಹಾಕಬೇಕು. ಟೈಪು ಮಾಡಲು ನನ್ನ ಕೈಗೆ ಕೊಟ್ಟರು. ನಾನು ಓದಿದೆ. ಮಿಷನ್ನಿನ ಒಂದೊಂದು ಓಟಕ್ಕೂ ಒಂದೊಂದು ಪುಟ, ಕೊನೆಯ ಮೂರು ಓಟಕ್ಕೇ ಮೂರು ಪುಟ. ಅಷ್ಟು ಪ್ರೀತಿಯಿಂದ ಬರೆದದ್ದನ್ನು ನಾನು ಟೈಪು ಮಾಡಿದ್ದು ಕಡಿಮೆ. ಇದು ಹೋಗಿ ಅಲ್ಲಿ ಮುಟ್ಟಿದರೆ, ಅಸಲಿ ರೆಕಾರ್ಡು ಇಟ್ಟುಕೊಂಡ ಸಾವಿರ ಜನ ಈ ಮುದುಕನನ್ನು ನೋಡಿ ನಗುತ್ತಾರೆ. ಹೇಳಿದರೆ ಮೂವತ್ತೆಂಟು ವರ್ಷದ ಸ್ಟೂಲು ಖಾಲಿಯಾಗುತ್ತದೆ. ನಾನು ಪ್ರಿಂಟರ್ ಕೆಟ್ಟಿದೆ ಎಂದು ಒಂದು ವಾರ ತಳ್ಳಿದೆ, ನೆಟ್ ಇಲ್ಲ ಎಂದು ಇನ್ನೊಂದು ವಾರ. ಮೇಷ್ಟ್ರು ಸೋಮವಾರ ಬೇರೆ ಕಡೆ ಮಾಡಿಸುತ್ತೇನೆ ಅಂದರು.

ನಾನು ಹೋಗಿ ಚಿಕ್ಕಪ್ಪನ ಎದುರು ಪುಟಗಳನ್ನಿಟ್ಟೆ. ಅವನು ಎಲ್ಲ ಓದಿದ. ಈ ಭಾನುವಾರ ಎಲ್ಲರನ್ನೂ ಕರೆಯುತ್ತೇನೆ, ನಿನ್ನ ಚಿಕ್ಕಮ್ಮನನ್ನು ತರಕಾರಿಗೆ ಕಳಿಸಬೇಡ ಎಂದ.

ಭಾನುವಾರ ಮಧ್ಯಾಹ್ನ ಎಲ್ಲರೂ ಬಂದರು. ನಾನು ಚಿಕ್ಕಮ್ಮನನ್ನು ಕುರ್ಚಿಯಲ್ಲಿ ಕೂರಿಸಿದೆ. ಅವಳಿಗೆ ಯಾಕೆಂದು ಗೊತ್ತಿಲ್ಲ, ನನಗೇನು ತಿಳಿಯುತ್ತೆ ಇದು ಎಂದು ಗೊಣಗುತ್ತಲೇ ಕೂತಳು. ಚಿಕ್ಕಪ್ಪ ಹಳೆಯ ಕ್ಯಾಸೆಟ್ಟಿನ ಎರಡನೆಯ ಬದಿ ಹಾಕಿದ. ಆರ್ಗನ್ನು ತೆಳ್ಳಗಾಯಿತು. ಮಿಷನ್ನು ಶುರುವಾಗುವ ಮುಂಚೆ ಅವನು ಟೇಪು ನಿಲ್ಲಿಸಿದ. ಮೇಷ್ಟ್ರು ಕಣ್ಣು ತೆರೆದರು.

"ಮೇಷ್ಟ್ರೇ, ಇಲ್ಲಿಂದ ಮುಂದೆ ಬರೋದು ಗಡ್ಡದವನದಲ್ಲ," ಎಂದ ಚಿಕ್ಕಪ್ಪ. "ಇವಳ ಮಿಷನ್ನು ಅದು. ಮೈಕು ಇಟ್ಟು ಇಳಿಸಿದ್ದೆ, ಒಳಗೆ ಬಿದ್ದುಬಿಡ್ತು. ಆವತ್ತೇ ಹೇಳ್ಬೇಕಿತ್ತು. ಹೇಳಿದ್ರೆ ನೀವು ಎದ್ದು ಹೋಗ್ತೀರೇನೋ ಅಂತ ಹೇಳ್ಲಿಲ್ಲ. ತಪ್ಪು ನಂದು."

ಬೇಕರಿಯವನ ಕೈಯ ಬಿಸ್ಕತ್ತು ಟೀಯಲ್ಲಿ ಮುರಿದು ಬಿತ್ತು. ಮೇಷ್ಟ್ರು ನನ್ನಿಂದ ವಾಪಸ್ಸು ಪಡೆದು ತೊಡೆಯ ಮೇಲಿಟ್ಟುಕೊಂಡಿದ್ದ ಹನ್ನೊಂದು ಪುಟಗಳನ್ನು ಜೋಡಿಸಿಕೊಂಡು ಎದ್ದರು. ಬಾಗಿಲ ಹತ್ತಿರ ಹೋಗಿ ಚಪ್ಪಲಿಗೆ ಕಾಲು ಹಾಕಿದರು. ಇನ್ನೊಂದು ಚಪ್ಪಲಿ ಬೇಗ ಸಿಗಲಿಲ್ಲ. ಚಿಕ್ಕಪ್ಪ ತಲೆ ತಗ್ಗಿಸಿ ಕೂತಿದ್ದ. ನನಗೆ ಅಳು ಬಂತು.

"ರೀ, ಅದನ್ನ ಹಾಕಿ," ಎಂದಳು ಚಿಕ್ಕಮ್ಮ. "ನಂದು ಅಂದ್ರಲ್ಲ, ನಾನೇ ಕೇಳಿಲ್ಲ."

ಚಿಕ್ಕಪ್ಪ ಗುಂಡಿ ಒತ್ತಿದ. ಮಿಷನ್ನು ಓಡತೊಡಗಿತು, ಟಕ್, ಟಕ್. ಚಿಕ್ಕಮ್ಮ ತಲೆ ವಾರೆ ಮಾಡಿ ಕೇಳಿದಳು. ಸ್ವಲ್ಪ ಹೊತ್ತಿಗೆ ಅವಳ ನೋಯುವ ಕಾಲು ನೆಲದ ಮೇಲೆ ತಾನಾಗಿಯೇ ಮೇಲೆ ಕೆಳಗೆ ಆಡಲು ಶುರುವಾಯಿತು.

"ಭುಜ," ಎಂದಳು. ಎರಡನೆಯ ಗಿಡ್ಡ ಓಟ ಬಂತು. "ಆ ಕಡೆ ಭುಜ. ಇದು ಪಕ್ಕ. ಇದು ಇನ್ನೊಂದು ಪಕ್ಕ." ಬಹಳ ಉದ್ದದ ಓಟ ಶುರುವಾದಾಗ ಅವಳು ನಕ್ಕಳು. "ಕೆಳಗಿನ ಅಂಚು. ಸುತ್ತಲಿನ ಘೇರು ಜಾಸ್ತಿ ಇಟ್ಟಿದ್ದೆ, ಮುಗಿಯೋದೇ ಇಲ್ಲ ನೋಡಿ. ಇದು ಫ್ರಾಕು. ಚಿಕ್ಕ ಮಗೂದು."

ಮೇಷ್ಟ್ರು ಬಾಗಿಲಲ್ಲೇ ನಿಂತಿದ್ದರು. ಒಂದು ಕಾಲಿಗೆ ಚಪ್ಪಲಿ, ಇನ್ನೊಂದಕ್ಕೆ ಇಲ್ಲ. ಮೂರು ಪುಟ್ಟ ಓಟಗಳು ಬಂದು ಹೋದವು. ಅಭ್ಯಾಸಬಲ, ನರ್ಸಮ್ಮ ಕಣ್ಣೊರೆಸಿಕೊಂಡಳು. ವಾದ್ಯಗಳು ಮತ್ತೆ ಎದ್ದವು. ಚಿಕ್ಕಪ್ಪ ನಿಲ್ಲಿಸಿದ.

"ಕೊನೇ ಮೂರು?" ಎಂದರು ಮೇಷ್ಟ್ರು. ಅವರ ದನಿ ಸಣ್ಣಗಿತ್ತು. "ಅದೇನು ಅಕ್ಕಾ?"

"ಜೇಬು," ಎಂದಳು ಚಿಕ್ಕಮ್ಮ. "ಸ್ಕೂಲ್ ಫ್ರಾಕಿಗೆ ಜೇಬು ಇರಲ್ಲ. ಇವಳು ಬೇಕು ಅಂದ್ಲು. ಬಂದು ನಾಲ್ಕು ದಿನ ಆಗಿತ್ತು, ಬಾಯೇ ಬಿಟ್ಟಿರಲಿಲ್ಲ. ಮೊದಲ ಸಲ ಬಾಯಿಬಿಟ್ಟು ಕೇಳಿದ್ದು ಅದು. ಜೇಬಲ್ಲಿ ಏನು ಇಡ್ತೀಯ ಅಂದೆ. ಕೈ, ಅಂದ್ಲು."

ಅವಳು ನನ್ನ ಕಡೆ ನೋಡದೆ ಮುಂದುವರಿಸಿದಳು. "ರಸ್ತೆಯಲ್ಲಿ ನಡೀವಾಗ ಇವಳ ಅಮ್ಮ ಆ ಕೈ ಹಿಡ್ಕೋತಿದ್ಲಂತೆ. ಬೆಳಿಗ್ಗೆ ಎದ್ರೆ ಸ್ಕೂಲು. ಅದಕ್ಕೇ ನನಗೆ ಕಾಯೋಕಾಗ್ಲಿಲ್ಲ, ಹಾಡು ಮುಗೀತು ಅಂತ ತುಳಿದುಬಿಟ್ಟೆ."

ನನಗೆ ಇದು ಗೊತ್ತಿರಲಿಲ್ಲ. ಜೇಬು ನೆನಪಿತ್ತು, ಕೇಳಿದ್ದು ನೆನಪಿರಲಿಲ್ಲ. ಮೂವತ್ತೆಂಟು ವರ್ಷ ಆ ಮೂರು ಓಟಗಳನ್ನು ಕೇಳಿದ್ದೆ, ಪಿನ್ನಿನ ಸದ್ದನ್ನು ಹಿಡಿದು ಬಹಳ ಜಾಣೆ ಅಂದುಕೊಂಡಿದ್ದೆ.

ಮೇಷ್ಟ್ರು ಬೆರಳಲ್ಲಿ ಗಾಳಿಯ ಮೇಲೆ ಏನೋ ಬರೆದರು. ಒಂದು ಗೆರೆ ಕೆಳಗೆ, ಒಂದು ಅಡ್ಡ, ಒಂದು ಮೇಲೆ.

"ಮೂರೇ ಬದಿ," ಎಂದರು. "ನಾಲ್ಕನೇದು ತೆರೆದಿರ್ಬೇಕಲ್ಲ, ಕೈ ಹೋಗೋಕೆ."

ಹಾಕಿದ್ದ ಚಪ್ಪಲಿಯನ್ನು ಬಿಟ್ಟು ಒಳಗೆ ಬಂದರು. ಚಿಕ್ಕಪ್ಪನ ಹೆಗಲ ಮೇಲೆ ಕೈ ಇಟ್ಟರು. ಆಮೇಲೆ ಹನ್ನೊಂದು ಪುಟಗಳನ್ನು ಎರಡೂ ಕೈಯಲ್ಲಿ ಹಿಡಿದು ಚಿಕ್ಕಮ್ಮನಿಗೆ ಕೊಟ್ಟರು.

"ಲೆಕ್ಕ ಸರಿಯಾಗೇ ಇದೆ ಅಕ್ಕಾ. ವಿಳಾಸ ತಪ್ಪಿತ್ತು ಅಷ್ಟೆ. ಇದು ನಿಮಗೆ ಬರೆದಿದ್ದು."

ಚಿಕ್ಕಮ್ಮ ಪುಟಗಳನ್ನು ಹತ್ತಿರ ತಂದು ನೋಡಿದಳು, ದೂರ ಹಿಡಿದು ನೋಡಿದಳು. ನನ್ನ ಕನ್ನಡಕ ಮೇಲಿದೆ, ನೀನೇ ಓದು ಎಂದು ನನ್ನ ಕೈಗೆ ಕೊಟ್ಟಳು. ಮೇಷ್ಟ್ರು ಸ್ಟೂಲು ಎಳೆದುಕೊಂಡು ಕೂತರು. ನಾನು ಮೊದಲ ಪುಟದಿಂದ ಶುರು ಮಾಡಿದೆ.